ಸೊಂಟದ ಹಗ್ಗ

“ಯವ್ವಾ, ಗುರವ್ವನ ಗುಡಿಸಲಿಗೆ ಯಾವ ಕಡೆ ಹೋಗಬೇಕು? ಈ ಹುಣಸೆಮರ ಮೂರನೆಯ ಸಲ ಎದುರಾಗುತ್ತಿದೆ.”

ಹುಲ್ಲಿನ ಹೊರೆ ಕಟ್ಟುತ್ತಿದ್ದ ಮುದುಕಿ ತಿರುಗಿದಳು. ಊರವರು ಸಂಕಟ ಹೇಳಿಕೊಳ್ಳಲು ಹುಡುಕಿ ಬರುವ ಗುರವ್ವನೇ ಅವಳು.

“ದಾರಿ ತಪ್ಪಿದವರಿಗೆ ನಾನು ಬೇಗ ಸಿಗುತ್ತೇನೆ,” ಎಂದು ನಕ್ಕಳು. ಆ ಸೀಮೆಯಲ್ಲಿ ದಾರಿ ಕೇಳಿದವರು ಹೇಳಿದವರ ಹೊರೆ ಎತ್ತಿಕೊಡುವುದು ವಾಡಿಕೆ. “ಆ ಋಣ ಆಮೇಲೆ ತೀರಿಸುವಿಯಂತೆ. ಮೊದಲು ಸಂಕಟ ಹೇಳು, ನೀಲಗಂಗಾ.”

ನೀಲಗಂಗೆಗೆ ಕೂರುವಷ್ಟೂ ತಾಳ್ಮೆ ಇರಲಿಲ್ಲ. ಹಪ್ಪಳ ಲಟ್ಟಿಸುವ ಓಣಿಯ ಐವರು ಹುಡುಗಿಯರಿಗೆ ಅವಳು ಕುಸ್ತಿ ಕಲಿಸಿದ್ದಳು. ನಾಳೆ ಅವರು ಪಟ್ಟಣದ ಕಣಕ್ಕೆ ಇಳಿಯಬೇಕು. ಹಪ್ಪಳದವರು ಪುಡಿಯಾಗಿ ಬರುತ್ತಾರೆ ಎಂದು ಊರು ನಗುತ್ತಿತ್ತು. ಹುಡುಗಿಯರು ಗಂಟು ಕಟ್ಟಿಕೊಂಡು, ಸಂಜೆಯ ಬಸ್ಸು ಹತ್ತಲು ಇವಳ ಒಂದು ‘ಹೂಂ’ಗಾಗಿ ಕಾದಿದ್ದರು.

“ಯಾರದಾದರೂ ಕತ್ತು ಉಳುಕಿದರೆ? ಮುರಿದೇ ಹೋದರೆ? ಕಲಿಸಿದವಳು ನಾನು. ಕಳಿಸಲೇ, ತಡೆಯಲೇ?”

ಗುರವ್ವ ಹೊರೆಯ ಮೇಲೆ ಕುಳಿತು ಒಂದು ಕತೆ ಹೇಳತೊಡಗಿದಳು.

ನೀರಿಲ್ಲದ ಊರಿಗೆ ಒಬ್ಬ ಅಂಬಿಗಿತ್ತಿ ಸೊಸೆಯಾಗಿ ಬಂದಳು. ಅವಳ ಬಾಯಲ್ಲಿ ಹೊಳೆಯ ಸುದ್ದಿ ಕೇಳಿ ಕೇಳಿ ಅಲ್ಲಿಯ ನೇಕಾರರ ಮಕ್ಕಳಿಗೆ ದೋಣಿಯ ಹುಚ್ಚು ಹಿಡಿಯಿತು. ಒಣ ಹಳ್ಳದ ಮರಳಿನಲ್ಲೇ ಕುಳಿತು ಹುಟ್ಟು ಹಾಕಿದರು. ದಾರಿಹೋಕರು, “ಏನ್ರೋ, ಮೀನು ಬಿತ್ತಾ?” ಎಂದು ಕೇಳುತ್ತಿದ್ದರು. ಮೂರು ವರ್ಷ ಅವಳಿಂದ ಕಲಿತು ಹೊಳೆಯ ಪಂದ್ಯಕ್ಕೆ ಹೋದರು.

ನೀರು ಕಂಡದ್ದೇ ಅಂಬಿಗಿತ್ತಿಯ ಜೀವ ಬಾಯಿಗೆ ಬಂತು. ಮಕ್ಕಳಿಗೆ ತಿಳಿಯದಂತೆ ದೋಣಿಯ ಹಿಂಬದಿಗೆ ಹಗ್ಗ ಕಟ್ಟಿದಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು ಜೊಂಡಿನ ಮರೆಯಲ್ಲಿ ನಿಂತಳು.

ಉಳಿದ ದೋಣಿಗಳು ಹೋದವು. ಇದು ಹಗ್ಗದಷ್ಟು ದೂರ ಹೋಗಿ ನಿಂತಿತು. ಮಕ್ಕಳು ಅಂಗೈ ಒಡೆಯುವ ಹಾಗೆ ಹುಟ್ಟು ಹಾಕಿದರು. ದಡದವರು ನಕ್ಕರು. “ನೀರು ನಮಗೆ ಒಲಿಯಲಿಲ್ಲ,” ಎಂದು ಒಬ್ಬ ಅತ್ತ.

ಆದರೆ ಮಗ್ಗ ತಡೆದರೆ ನೇಕಾರರು ಬಲ ಹಾಕುವುದಿಲ್ಲ, ಸಿಕ್ಕು ಹುಡುಕುತ್ತಾರೆ. ಅವರಲ್ಲೊಬ್ಬಳು ಹುಟ್ಟು ನಿಲ್ಲಿಸಿ ಹಿಂದೆ ನೋಡಿದಳು. ಹಗ್ಗ ಕಂಡಿತು. ಅದರ ತುದಿಯಲ್ಲಿ, ದೋಣಿಯ ಎಳೆತಕ್ಕೆ ಕತ್ತಿನವರೆಗೆ ನೀರಿಗೆ ಇಳಿದಿದ್ದ, ಕಲಿಸಿದವಳು ಕಂಡಳು.

ಗುರವ್ವ ಅಲ್ಲಿಗೆ ನಿಲ್ಲಿಸಿದಳು.

“ಆಮೇಲೆ? ಬಿಚ್ಚಿದಳೇ?” ನೀಲಗಂಗೆ ಹತ್ತಿರ ಸರಿದಳು.

“ಹೊತ್ತಾಯಿತು. ಹೊರೆ ಎತ್ತು.”

ನೀಲಗಂಗೆ ಹೊರೆ ಎತ್ತಿ ಗುರವ್ವನ ತಲೆಯ ಸಿಂಬಿಯ ಮೇಲಿಟ್ಟಳು. ಆ ಸಣಕಲು ಕತ್ತು ಒಮ್ಮೆ ತೂಗಾಡಿತು. ಇವಳು ಅಂಜಿ, ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಳು.

“ಕೈ ಬಿಡೇ ತಾಯಿ, ನೀನು ಹಿಡಿದಿರುವ ತನಕ ನಾನು ಹೆಜ್ಜೆ ಕಿತ್ತಿಡಲಾರೆ.”

ನೀಲಗಂಗೆ ಕೈ ತೆಗೆದು ಋಣ ತೀರಿಸಿದಳು.