ಬೇಲಿಗೂಟದ ಮೇಲೆ ತಲೆ ಆಡಿಸೋ ಓತಿಕ್ಯಾತ

ಮೊದಲು ಆ ಕಲ್ಲು ಕೆಳಗೆ ಹಾಕು ಸಿಂಚು. ಓತಿಕ್ಯಾತ ನಿನಗೇನು ಮಾಡ್ತು? ಗೂಟದ ಮೇಲೆ ತನ್ನ ಪಾಡಿಗೆ ತಾನು ತಲೆ ಆಡಿಸ್ಕೊಂಡು ಕೂತಿದೆ. ಏನಂದೆ? ನಿನ್ನನ್ನ ಅಣಕಿಸ್ತಿದೆಯಾ? ಅಯ್ಯೋ ಮಂಕೇ, ಅದು ನಿನ್ನ ಕಡೆ ನೋಡ್ತಾನೇ ಇಲ್ಲ. ಬೇಲಿ ಆಚೆ ನೋಡ್ತಿದೆ.

ಬಾ, ಈ ಒಗೆಯೋ ಕಲ್ಲಿನ ಮೇಲೆ ಕೂತ್ಕೋ. ನಾನೂ ಹೇಗೂ ಇಲ್ಲೇ ಇರಬೇಕು, ಆಚೆ ಮನೆ ಚಿಕ್ಕತಾಯಿ ಹಿತ್ತಿಲಿಗೆ ಬರೋವರೆಗೂ. ನನ್ನ ಓರಗಿತ್ತಿ ಕಣೆ, ನಿಮ್ಮ ತಾತನ ತಮ್ಮನ ಹೆಂಡತಿ. ದಿನಾ ಇಷ್ಟು ಹೊತ್ತಿಗೆ ಕಾಫಿ ಲೋಟ ಹಿಡ್ಕೊಂಡು ಬಂದು ನಿಂತಿರ್ತಾಳೆ. ಮಗ ಸೊಸೆ ಯಾವುದೋ ಮದುವೆಗೆ ಅಂತ ನಿನ್ನೆ ಹೋದ್ರು. ಇವಳು ಯಾಕೋ ಇನ್ನೂ ಕಾಣ್ತಿಲ್ಲ.

ಇರಲಿ. ಕತೆ ಕೇಳು. ನಿನ್ನೆ ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು, "ನನ್ನ ಬೆಂಚಿನ ರಿಷಿಕಾ ಮುಖ ಕಂಡರಾಗಲ್ಲ, ಅವಳು ಸತ್ತೇ ಹೋಗಲಿ" ಅಂದ್ಯಲ್ಲ, ನಿನಗೇ ಇದು.

ಲೋಕ ಇನ್ನೂ ಹೊಸದಾಗಿದ್ದಾಗ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿಲ್ಲದೆ ಗಾಳೀನ ಕೇಳ್ಕೊಂಡು ಹರೀತಿದ್ದಾಗ, ಓತಿಕ್ಯಾತನ ಕತ್ತು ಕೆಂಪಗಿರಲಿಲ್ಲ. ಒಣಗಿದ ಎಲೆ ಬಣ್ಣ, ತಲೆಯಿಂದ ಬಾಲದವರೆಗೂ. ತಲೆ ಆಡಿಸೋದು ಅಂದ್ರೇನು ಅಂತಾನೇ ಅದಕ್ಕೆ ಗೊತ್ತಿರಲಿಲ್ಲ.

ಮನುಷ್ಯರು ಆಗ ತಾನೆ ಬೇಲಿ ಹಾಕೋದು ಕಲಿತಿದ್ರು. ಒಂದು ಕಳ್ಳಿ ಬೇಲಿ, ಅದರ ಮಧ್ಯೆ ಒಂದು ಗೂಟ. ಬೇಲಿಯ ಮೂಡಲ ಕಡೆ ಒಬ್ಬ ಓತಿಕ್ಯಾತ ಇದ್ದ, ಮೂಡಣ್ಣ ಅಂತ. ಪಡುವಲ ಕಡೆ ಇನ್ನೊಬ್ಬ, ಪಡುವಣ್ಣ.

ಅವರಿಬ್ಬರೂ ಎಣ್ಣೆ ಸೀಗೆಕಾಯಿ.

ಯಾಕೆ ಅಂತ ಕೇಳ್ಬೇಡ. ಅವರಿಗೇ ಗೊತ್ತಿರಲಿಲ್ಲ. ಪಡುವಣ್ಣ ಬಿಸಿಲು ಕಾಯಿಸೋವಾಗ ಒಂದು ಹಿಂಗಾಲು ಉದ್ದಕ್ಕೆ ಚಾಚ್ತಿದ್ದ, ಅಷ್ಟೇ. ಆ ಕಾಲು ಕಂಡ್ರೆ ಸಾಕು, ಮೂಡಣ್ಣನಿಗೆ ಮೈಯೆಲ್ಲಾ ಉರಿ. ಮೂಡಣ್ಣ ಇರುವೆ ತಿನ್ನೋವಾಗ ಚಪ್ ಚಪ್ ಅಂತಿದ್ದ. ಆ ಸದ್ದು ಕೇಳಿದ್ರೆ ಪಡುವಣ್ಣನಿಗೆ ಹಲ್ಲು ಕಡೀಬೇಕು ಅನ್ನಿಸ್ತಿತ್ತು. ನಗಬೇಡ. ನಮ್ಮ ಚಿಕ್ಕತಾಯಿ ಕಾಫೀನ ಸೊರ್ರ್ ಅಂತ ಎಳೀತಾಳಲ್ಲ, ನನಗೆ ಈಗ್ಲೂ ಆಗಲ್ಲ.

ಆದ್ರೆ ಎದುರೆದುರು ಸಿಕ್ಕಾಗ ಏನು ಮಾತು, ಏನು ನಗು!

"ಏನಣ್ಣಾ, ಊಟ ಆಯ್ತಾ?"

"ಆಯ್ತಣ್ಣಾ, ನಿಂದು?"

ಬಾಯಲ್ಲಿ ಬೆಲ್ಲ, ಹೊಟ್ಟೇಲಿ ಕೆಂಡ. ಆ ಕೆಂಡಾನ ಇಬ್ಬರೂ ನುಂಗಿ ನುಂಗಿ ಒಳಗೇ ಇಟ್ಕೊಳ್ತಿದ್ರು. ಮೂಡಣ್ಣನಿಗೆ ಇರುವೆ ರುಚಿಸ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಪಕ್ಕೆಲುಬು ಎಣಿಸೋ ಹಾಗಾಗಿದ್ದ. ಅವನ ಹೆಂಡತಿಗೆ ಅದೇ ಚಿಂತೆ.

ಸ್ವಲ್ಪ ಇರು. ಆಚೆ ಮನೆ ಬಾಗಿಲು ತೆಗೆದ ಸದ್ದು ಆಯ್ತಾ? ಇಲ್ವಾ? ಸರಿ.

ಆ ಹೆಂಡತಿ ಒಂದು ದಿನ ಕಳ್ಳಿ ಬುಡದಲ್ಲಿ ಗುಂಡಿ ತೋಡಿ ಏಳು ಮೊಟ್ಟೆ ಇಟ್ಟಳು. ಮಣ್ಣು ಮುಚ್ಚಿದಳು. ಮುಚ್ಚಿದ್ರೂ ಸಮಾಧಾನ ಇಲ್ಲ. ಯಾಕೆ ಅಂದ್ರೆ ಬೇಲಿಯೊಳಗೆ ಕೆಂಬೂತ ಓಡಾಡ್ತಿತ್ತು. ನೋಡಿದ್ದೀಯಲ್ಲ, ಕಾಗೆಯಷ್ಟು ದೊಡ್ಡದು, ಕಂದು ರೆಕ್ಕೆ, ಕೆಂಪು ಕಣ್ಣು. ಹಾರೋದಕ್ಕಿಂತ ನಡೆಯೋದೇ ಜಾಸ್ತಿ. ಮೆಲ್ಲಗೆ ಬರುತ್ತೆ, ಮೊಟ್ಟೇನೂ ತಿನ್ನುತ್ತೆ, ಇಟ್ಟವರನ್ನೂ ತಿನ್ನುತ್ತೆ. ದೂರದಲ್ಲಿ ಊಂಪ್, ಊಂಪ್ ಅಂದ್ರೆ ಅವಳ ಎದೆ ಧಸಕ್ ಅಂತಿತ್ತು.

ಮೂರು ದಿನ ನೀರು ಮುಟ್ಟದೆ ಕಾದಳು. ನಾಲ್ಕನೇ ದಿನ ನಾಲಿಗೆ ಒಣಗಿ, "ರೀ, ನಾನು ಹಳ್ಳದ ಹತ್ತಿರ ಹೋಗಿ ಬಂದುಬಿಡ್ತೀನಿ. ಮೊಟ್ಟೆ ಮೇಲೆ ಕಣ್ಣಿರಲಿ. ಕಣ್ಣು ಅತ್ತ ಇತ್ತ ಹೋಗಕೂಡದು" ಅಂದಳು.

"ಹೋಗೇ, ನನ್ನ ಮಕ್ಕಳನ್ನ ನಾನು ನೋಡ್ಕೊಳ್ಳಲ್ವಾ?" ಅಂದ ಮೂಡಣ್ಣ.

ಅವಳು ಹೋದಳು. ಅದೇ ಹೊತ್ತಿಗೆ ಬೇಲಿಯ ಆಚೆ ಪಡುವಣ್ಣ ಬಂದ. ಬಿಸಿಲಿಗೆ ಮೈಯೊಡ್ಡಿ ಕೂತ. ಹಿಂಗಾಲು ಚಾಚಿದ.

ಮುಗೀತು. ಮೂಡಣ್ಣನ ಕಣ್ಣು ಆ ಕಾಲಿನ ಮೇಲೆ ಅಂಟಿಕೊಂಡ್ತು. ಮೊಟ್ಟೆ ಕಡೆ ಬೆನ್ನು ಹಾಕಿದ್ದೇ ಅವನಿಗೆ ತಿಳೀಲಿಲ್ಲ. "ನೋಡು, ನೋಡು, ಹೇಗೆ ಚಾಚಿದಾನೆ. ನನಗೆ ಅಂತಲೇ ಚಾಚಿದಾನೆ" ಅಂತ ಒಳಗೊಳಗೇ ಕುದೀತಾ ಕೂತ.

ಕೆಂಬೂತ ಅವನ ಬೆನ್ನ ಹಿಂದೆ ಬಂತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಮಣ್ಣು ಕೆದರ್ತು.

ಪಡುವಣ್ಣ ಅದನ್ನ ನೋಡಿದ. ಅವನ ಕಣ್ಣೆದುರೇ ನಡೀತಿತ್ತಲ್ಲ! ಕೂಗೋಕೆ ಬಾಯಿ ತೆಗೆದ. ಆಮೇಲೆ, "ಅವನ ಮೊಟ್ಟೆ ತಾನೆ, ನನಗೇನು?" ಅಂತ ಬಾಯಿ ಮುಚ್ಚಿಕೊಂಡ. ತಪ್ಪು ಅಂತ ಅವನಿಗೇ ಗೊತ್ತಾಯ್ತು. ಆದ್ರೂ ಬಾಯಿ ತೆಗೀಲಿಲ್ಲ.

ಹೆಂಡತಿ ಬಂದು ನೋಡಿದ್ರೆ ಗುಂಡೀಲಿ ಐದೇ ಮೊಟ್ಟೆ. ಎರಡು ಚಿಪ್ಪು. ಅವಳು ಅಳಲಿಲ್ಲ. ಉಳಿದ ಐದರ ಮೇಲೆ ಮಣ್ಣು ಎಳೆದಳು, ಎಳೀತಾನೇ ಇದ್ದಳು. ಪಾಪ, ಸಂಕಟ ಆಗುತ್ತೆ ನನಗೆ ಅದನ್ನ ನೆನೆಸ್ಕೊಂಡ್ರೆ.

"ಯಾರು ನೋಡಿದ್ರಿ?" ಅಂತ ಕೇಳಿದಳು.

"ನಾನು ನೋಡಿದೆ" ಅಂತು ಬೇಲಿಗೂಟ. "ಕೆಂಬೂತ ತಿಂತು. ನಿನ್ನ ಗಂಡ ಪಡುವಣ್ಣನ್ನ ನೋಡ್ತಿದ್ದ. ಪಡುವಣ್ಣ ನೋಡಿಯೂ ಬಾಯಿ ಬಿಡಲಿಲ್ಲ."

ತಗೋ! ಇಬ್ಬರೂ ಗೂಟದ ಮೇಲೆ ಹಾರಿ ಕಚ್ಚಾಡಿದ್ರು. ಇಷ್ಟು ದಿನ ನುಂಗಿದ್ದೆಲ್ಲಾ ಹೊರಗೆ ಬಂತು. ಕೆಂಡ ಹೊಟ್ಟೆಯಿಂದ ಕತ್ತಿಗೆ ಏರಿ, ಕತ್ತು ಕೆಂಪು, ಕೆನ್ನೆ ಕೆಂಪು. ಇವನ ಬಾಲ ಅವನ ಬಾಯಲ್ಲಿ, ಅವನ ಕಾಲು ಇವನ ಬಾಯಲ್ಲಿ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಒಬ್ಬರು ಸಾಯ್ತಿದ್ರು.

ಊಂಪ್, ಊಂಪ್. ಬೇಲಿಯೊಳಗಿಂದ ಮತ್ತೆ ಅದೇ ಸದ್ದು.

"ಬಿಡ್ರೋ!" ಅಂತ ಕಿರುಚಿದಳು ಹೆಂಡತಿ. "ನೀವು ಹೀಗೇ ಕಚ್ಚಾಡ್ತೀರಿ ಅಂತಾನೇ ಅದು ಕಾಯ್ತಿರೋದು. ನನ್ನ ಮಕ್ಕಳು ಇನ್ನೂ ಐದಿವೆ!"

ಇಬ್ಬರೂ ಕಚ್ಚಿದ್ದನ್ನ ಬಿಟ್ಟರು. ಏದುಸಿರು ಬಿಡ್ತಾ ನಿಂತರು.

"ನೀವು ಅಣ್ಣ ತಮ್ಮ ಆಗಿ ಅಂತ ನಾನು ಹೇಳಲ್ಲ" ಅಂದಳು ಅವಳು. "ಆಗಲ್ಲ ನಿಮ್ಮ ಕೈಲಿ. ಊಟ ಆಯ್ತಾ ಅಂತ ಸುಳ್ಳು ಮಾತೂ ಬೇಡ. ಕೋಪ ಬಂತಾ, ಕತ್ತಲ್ಲೇ ತೋರಿಸಿ, ನುಂಗಬೇಡಿ. ನೀವಿಬ್ಬರೂ ಹೇಗೂ ಒಬ್ಬರನ್ನೊಬ್ಬರು ನೋಡ್ತಾನೇ ಇರ್ತೀರಿ. ನೋಡಿ! ಆದ್ರೆ ಎದುರಿಗಿರೋನ ಬೆನ್ನ ಹಿಂದೆ ಏನು ಬಂತು ಅಂತಲೂ ನೋಡಿ. ನೀನು ಅಲ್ಲಿ, ಇವರು ಇಲ್ಲಿ. ತಲೆ ಆಡಿಸ್ತಾ ಇದ್ರೆ, ಇದ್ದೀನಿ ಅಂತ. ತಲೆ ನಿಂತ್ರೆ, ಅಪಾಯ ಅಂತ."

"ಇವನು ಮಾತಿಗೆ ತಪ್ಪಿದ್ರೆ?" ಅಂತ ಇಬ್ಬರೂ ಒಟ್ಟಿಗೇ ಕೇಳಿದ್ರು.

"ನಾನು ಸಾಕ್ಷಿ" ಅಂತು ಗೂಟ.

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅಂತ ಜನ ಈಗ ನಗಾಡ್ತಾರಲ್ಲ, ಕಳ್ಳನಿಗೆ ಕಳ್ಳ ಸಾಕ್ಷಿ ಅನ್ನೋ ಹಾಗೆ. ನಗಲಿ ಬಿಡು. ಆ ದಿನ ಆ ಗೂಟ ಇರದಿದ್ರೆ ಗೊತ್ತಾಗ್ತಿತ್ತು.

ಬಿಸಿಲು ನಲ್ಲಿ ಹತ್ತಿರ ಬಂತು. ಇಷ್ಟು ಹೊತ್ತು ಮಾಡಲ್ಲ ಅವಳು. ನೀನು ಸ್ವಲ್ಪ ತುದಿಗಾಲಲ್ಲಿ ನಿಂತು ನೋಡು ಸಿಂಚು. ಹೊಗೆ ಬರ್ತಿದೆಯಾ ಬಚ್ಚಲ ಒಲೆಯಿಂದ? ಇಲ್ಲ. ಹ್ಞೂಂ.

ಮಾರನೇ ದಿನ ಇಬ್ಬರೂ ಕೂತರು. ಮೂಡಣ್ಣ ಕತ್ತು ಕೆಂಪು ಮಾಡಿ ತಲೆ ಆಡಿಸಿದ: ಇದ್ದೀಯಾ? ಪಡುವಣ್ಣ ಕತ್ತು ಕೆಂಪು ಮಾಡಿ ತಲೆ ಆಡಿಸಿದ: ಇದ್ದೀನಿ. ಇದ್ದೀಯಾ? ಇದ್ದೀನಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಇದೇ. ಮೂಡಣ್ಣನ ಹೆಂಡತಿ ಮಣ್ಣಿನ ಮೇಲೆ ಮೈ ಚೆಲ್ಲಿ ಮಲಗಿದ್ದಳು, ಒಂದು ಕಣ್ಣು ಇವರಿಬ್ಬರ ಮೇಲೇ ಇಟ್ಟು.

ಮಧ್ಯಾಹ್ನ ಪಡುವಣ್ಣನ ತಲೆ ನಿಂತುಹೋಯ್ತು.

ಮೂಡಣ್ಣ ಅನುಮಾನಿಸಿದ. ನಿಜವಾ? ಅಥವಾ ಆಟ ಆಡಿಸ್ತಿದಾನಾ? ನಾನು ತಿರುಗಿದ್ರೆ ಹಿಂದಿನಿಂದ ಬಂದು ಕಚ್ಚಿದ್ರೆ? ನಿನ್ನೆ ಸುಮ್ಮನಿದ್ದವನು ಇವನೇ ಅಲ್ವಾ? ಕಂಡರಾಗದವನ ಮಾತು ನಂಬೋದು ಎಷ್ಟು ಕಷ್ಟ ಗೊತ್ತಾ ಮಗಾ? ಪಡುವಣ್ಣನ ಮುಖ ನೋಡಿದ. ಆ ಮುಖದಲ್ಲಿ ಹೆದರಿಕೆ ಇತ್ತು. ಮೂಡಣ್ಣನ ಮಕ್ಕಳಿಗಾಗಿ ಅವನು ಹೆದರಿದ್ದ.

ಮೂಡಣ್ಣ ಗರ್ರನೆ ತಿರುಗಿದ. ಮೂರೇ ಹೆಜ್ಜೆ ದೂರದಲ್ಲಿ ಕೆಂಬೂತ!

ಮೂಡಣ್ಣ ಕತ್ತು ಉಬ್ಬಿಸಿದ, ಕೆಂಪಗೆ. ಆಚೆಯಿಂದ ಪಡುವಣ್ಣ ಗೂಟಕ್ಕೆ ಹಾರಿ, ಅವನೂ ಉಬ್ಬಿಸಿದ. ಒಂದೇ ಕೆಂಪಿದ್ರೆ ಕೆಂಬೂತ ಯಾವುದೋ ಹಣ್ಣು ಅಂತ ಕುಕ್ಕಿಬಿಡ್ತಿತ್ತು. ಮೇಲೊಂದು, ಕೆಳಗೊಂದು, ಎರಡೂ ಅಲ್ಲಾಡ್ತಿವೆ. ಗಾಳಿಗೆ ಇದೆಲ್ಲಾ ಕಾಣ್ತಿತ್ತು. ಅದೂ ಕಳ್ಳೀನ ಒಮ್ಮೆ ಚಟಪಟ ಅನ್ನಿಸ್ತು.

"ಬೇಲಿಗೆ ಬೆಂಕಿ ಬಿತ್ತು!" ಅಂತ ಕೆಂಬೂತ ಬಿದ್ದಂಬೀಳ ಓಡಿಹೋಯ್ತು.

ದಿನ ತುಂಬಿದ ಮೇಲೆ ಐದೂ ಮರಿ ಆಚೆ ಬಂದ್ವು. ಕಡ್ಡಿಯಷ್ಟು ಮೈ, ಆಗಲೇ ತಲೆ ಆಡಿಸೋ ಚಪಲ.

ಏನು? ಫ್ರೆಂಡ್ಸ್ ಆದ್ರಾ ಅಂತಲಾ? ಎಲ್ಲಿಯ ಫ್ರೆಂಡ್ಸು! ಹೋದ ಎರಡು ಮೊಟ್ಟೆ ಹೋದ್ವು, ಅದನ್ನ ಮೂಡಣ್ಣ ಮರೀಲಿಲ್ಲ. ಪಡುವಣ್ಣ ಕಾಲು ಚಾಚೋದೂ ಬಿಡಲಿಲ್ಲ. ಬಿಸಿಲೇರಿದ್ರೆ ಸಾಕು, ಇಬ್ಬರೂ ಕತ್ತು ಕೆಂಪು ಮಾಡ್ಕೊಂಡು ಕೂತುಬಿಡೋರು. ಆದ್ರೆ ಮೂಡಣ್ಣನಿಗೆ ಇರುವೆ ರುಚಿಸ್ತು. ನಿದ್ದೆಯೂ ಬಂತು.

ನಮ್ಮದೂ ಅದೇ ಕಣೆ. ಚಿಕ್ಕತಾಯೀಗೂ ನನಗೂ ಮೂವತ್ತು ವರ್ಷದಿಂದ ಮಾತಿಲ್ಲ. ಆದ್ರೆ ದಿನಾ ಬೆಳಗ್ಗೆ ನಾನು ಇಲ್ಲಿ ನಿಲ್ತೀನಿ, ಅವಳು ಅಲ್ಲಿ ನಿಲ್ತಾಳೆ. ನಾನು ತಲೆ ಆಡಿಸ್ತೀನಿ, ಅವಳೂ ಆಡಿಸ್ತಾಳೆ. ಮುಖ ಗಂಟು ಹಾಕ್ಕೊಂಡೇ. ನನಗೆ ಟೈಫಾಯ್ಡ್ ಬಂದು ಎರಡು ದಿನ ಹಿತ್ತಿಲಿಗೆ ಬರದಿದ್ದಾಗ, ಮೂರನೇ ದಿನ ಬೇಲಿ ಮೇಲೆ ಗಂಜಿ ಪಾತ್ರೆ ಇತ್ತು. ಯಾರಿಟ್ಟರು ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇವತ್ತು ಆ ಕಡೆ ತಲೆ ನಿಂತಿದೆ ಸಿಂಚು.

ನನ್ನ ಕೈಲಿ ಇನ್ನು ಕೂತ್ಕೊಳ್ಳೋಕಾಗಲ್ಲ. ಕೋಲು ಕೊಡು. ಆ ಮುಳ್ಳು ಸರಿಸು, ಹ್ಞಾ, ಇಷ್ಟು ಸಂದು ಸಾಕು. ಅವಳು ಬೈದ್ರೆ ಬೈಲಿ.

ಚಿಕ್ಕತಾಯೀ! ಏ ಚಿಕ್ಕತಾಯೀ! ಇದ್ದೀಯೇನೇ?

ಶ್... ಸುಮ್ಮನಿರು. ಕೇಳಿಸ್ತಾ? ಏನಂದಳು? "ಬಚ್ಚಲಲ್ಲಿ ಜಾರಿಬಿಟ್ಟೆ, ಏಳೋಕಾಗ್ತಿಲ್ಲ ಅಕ್ಕಾ" ಅಂದಳಾ? ಅಕ್ಕಾ ಅಂದಳಾ?

ಬಂದೆ ಕಣೆ, ಬಂದೆ! ಸಿಂಚು, ಓಡು, ನಿಮ್ಮಪ್ಪನ್ನ ಎಬ್ಬಿಸು, ಆಟೋ ತರೋಕೆ ಹೇಳು. ಆ ಓತಿಕ್ಯಾತನಿಗೆ ಮಾತ್ರ ಇನ್ಮೇಲೆ ಕಲ್ಲು ಹೊಡೀಬೇಡ; ಮೂಡಣ್ಣ ಪಡುವಣ್ಣರ ಕಾಲದಿಂದ ಇವತ್ತಿನವರೆಗೂ ಅದು ಗೂಟದ ಮೇಲೆ ಕತ್ತು ಕೆಂಪು ಮಾಡ್ಕೊಂಡು ತಲೆ ಆಡಿಸ್ತಿರೋದು, ಕಂಡರಾಗದವನು ಇವತ್ತೂ ಇದ್ದಾನಾ ಅಂತ ಕೇಳೋಕೆ.