ಪಕ್ಕದ ಸೀಟು

“ಬುದ್ಧಿ, ಹಿರಿಯ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಹಿಂದಿನ ಬಾಗಿಲ ಬಳಿ ನಿಂತೇ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?” ಎಂದು ಮಠದ ಶಾಲೆಯ ಕಿರಿಯ ಮೇಷ್ಟ್ರು ಶಂಭುಲಿಂಗ ಅಲ್ಲಿನ ಸ್ವಾಮಿಗಳನ್ನು ಕೇಳಿದ.

ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ. ಅವನು ಕಾರು ಓಡಿಸುವಾಗ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹಾಗೆ ಹೋಗಿ, ಹೀಗೆ ಹೋಗಿ ಎನ್ನುತ್ತಿದ್ದಳು. ಅವಳು ತೀರಿಕೊಂಡಳು. ಊರಾಚೆಯ ಕೆರೆಯಲ್ಲಿ ಅವಳ ಬೂದಿ ಬಿಟ್ಟು ಬಂದ ಮೇಲೆ ಅವನು ಆ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ.

ಮಗಳಿಗೆ ಕಲಿಯುವವರ ಲೈಸೆನ್ಸ್ ಬಂತು. ಹೊಸಬರು ಗಾಡಿ ಓಡಿಸುವಾಗ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು, ಬೇಕೆಂದಾಗ ಗಾಡಿ ನಿಲ್ಲಿಸುವಂತಿರಬೇಕು ಎಂಬುದು ಕಾನೂನು. ವ್ಯಾಪಾರಿಗೆ ಅದು ಗೊತ್ತಿತ್ತು. ಸೋಮವಾರ ಬೆಳಗ್ಗೆ ಕಾರಿನ ಮುಂದೊಂದು ಹಿಂದೊಂದು ಕೆಂಪು ‘ಎಲ್’ ಅಂಟಿಸಿದ. ಆಮೇಲೆ ಹಿಂದಿನ ಬಾಗಿಲು ತೆಗೆದು ಕೂತ.

“ಅಪ್ಪಾ, ಮುಂದಕ್ಕೆ ಬಾ. ನಾನೇನು ನಿನ್ನ ಡ್ರೈವರಾ?”

“ಅದು ನಿಮ್ಮಮ್ಮನ ಜಾಗ ಕಣೇ. ಇಲ್ಲಿಂದಲೇ ಹೇಳ್ತೀನಿ. ಒಂದು ದಿನ ನಾನೂ ಸಾಹುಕಾರರ ಹಾಗೆ ಹೋಗ್ತೀನಿ, ನಡಿ.”

ಮಗಳು ನಕ್ಕು ಗಾಡಿ ತೆಗೆದಳು.

ವ್ಯಾಪಾರಿ ಗೇರ್ ಬದಲಿಸು ಎಂದ. ಮಗಳು ಸರಿ ಎಂದು ಬದಲಿಸಿದಳು. ಸ್ವಲ್ಪ ಹೊತ್ತಿಗೆ, ಅವನು ಏನೂ ಹೇಳದಿದ್ದರೂ, ಸರಿ ಎಂದಳು. ತಿರುವಿನಲ್ಲಿ ವೇಗ ತಗ್ಗಿಸಿದಳು. ಮತ್ತೆ ಸರಿ ಎಂದಳು. ಎದುರಾದ ಬಸ್ಸಿಗೆ ದಾರಿ ಬಿಟ್ಟಳು. ತನಗೆ ತಾನೇ ಹೇಳಿಕೊಂಡು ಕಲಿಯುತ್ತಿದ್ದಾಳೆ ಎಂದು ಅವನಿಗೆ ಸಮಾಧಾನವಾಯಿತು. ಸೀಟಿಗೆ ಒರಗಿದ.

ಕೆರೆಯ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಪೇಟೆ. ಎಡಕ್ಕೆ ದನಗಳು ನೀರಿಗಿಳಿಯುವ ಇಳಿಜಾರು.

“ಬಲಕ್ಕೆ” ಎಂದ ವ್ಯಾಪಾರಿ.

“ಸರಿ ಅಮ್ಮಾ” ಎಂದು ಮಗಳು ಎಡಕ್ಕೆ ತಿರುಗಿಸಿದಳು.

ಅವನು ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ. ಹೆಗಲು ಹಿಡಿದು ಅಲುಗಿಸಿದ. ಅವಳ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಎರಡು ಸೀಟುಗಳ ನಡುವೆ ಮೈ ತೂರಿಸಿ ಹ್ಯಾಂಡ್‌ಬ್ರೇಕ್ ಎಳೆದ. ಕಾರು ನಿಲ್ಲುವಷ್ಟರಲ್ಲಿ ಮುಂದಿನ ಚಕ್ರಗಳು ನೀರಿಗಿಳಿದಿದ್ದವು.

ಮಗಳು ನಿದ್ದೆಯಿಂದ ಎದ್ದವಳಂತೆ ಅವನನ್ನು ನೋಡಿದಳು. “ಯಾಕಪ್ಪಾ ಹೀಗೆ ಕಿರುಚ್ತೀಯ? ಪಕ್ಕದಲ್ಲಿ ಕೂತು ಹೇಳಿದ ಹಾಗೇ ಬಂದೆನಲ್ಲ.”

ವ್ಯಾಪಾರಿ ಕೆಳಗಿಳಿದ. ಮೊಣಕಾಲುದ್ದ ನೀರಿನಲ್ಲಿ ಸುತ್ತಿ ಹೋಗಿ ಮುಂದಿನ ಎಡಗಡೆಯ ಬಾಗಿಲು ತೆಗೆದ.

ಸ್ವಾಮಿಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಂಭುಲಿಂಗ ಕೇಳಿದ:

“ಕೊನೆಗೆ ಅವನು ಮಗಳ ಪಕ್ಕದಲ್ಲಿ ಕೂತನೇ, ಬುದ್ಧಿ?”

“ಕೂತ. ಸೀಟು ಬೆಚ್ಚಗಿತ್ತು.”