ನೀಲವ್ವನ ಮೂರು ದೀಪ

ಅಂಗೈಯಷ್ಟೂ ಇಲ್ಲದ ಒಂದು ಪುಟ್ಟ ಕಂಪ್ಯೂಟರನ್ನು ವಿಜ್ಞಾನದ ಶೈಲಜಾ ಟೀಚರ್ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಮರೆತು ಹೋಗಿದ್ದರು.

“ನಾನು ರೋಬಾಟ್ ನಡೆಸಬಲ್ಲೆ, ಮಳೆ ಅಳೆಯಬಲ್ಲೆ, ರಾಕೆಟ್ಟನ್ನೂ ಹಾರಿಸಬಲ್ಲೆ,” ಎಂದು ಅದು ಪಕ್ಕದ ಕುಕ್ಕರಿಗೆ ಹೇಳಿತು.

“ರಾಕೆಟ್ಟು ಹಾಗಿರಲಿ. ಇಲ್ಲಿಯವರೆಗೆ ಏನು ಮಾಡಿದ್ದೀಯ, ಅದನ್ನು ಹೇಳು,” ಎಂದಿತು ಕುಕ್ಕರ್.

“ಯಾವುದು ಮೊದಲು ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ.”

“ನನಗೆ ಬರುವುದು ಕೂಗುವುದೊಂದೇ. ಅದೂ ದಂಡ. ಅಡುಗೆಯ ನೀಲವ್ವನಿಗೆ ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ. ನಾನು ಮೂರು ಸಲ ಕೂಗಿದರೂ ಅವಳು ಬದನೆಕಾಯಿ ಹೆಚ್ಚುತ್ತಲೇ ಇರುತ್ತಾಳೆ. ಈ ವಾರ ಎರಡು ಸಲ ಬೇಳೆ ಸೀದುಹೋಯಿತು. ಇನ್ನೊಮ್ಮೆ ಸೀದರೆ ಬೇರೆಯವರನ್ನು ಕರೆಸುತ್ತೇನೆ ಎಂದಿದ್ದಾರೆ ಹೆಡ್‌ಮಾಸ್ತರು.”

ಟೀಚರ್ ಕಂಪ್ಯೂಟರನ್ನು ಹುಡುಕಿಕೊಂಡು ಬಂದಾಗ, “ಮೇಡಂ, ಕುಕ್ಕರಿನ ಕೂಗು ಕೇಳಿ ಮೂರರವರೆಗೆ ಎಣಿಸುವುದನ್ನು ಕಲಿಸಿ,” ಎಂದಿತು.

“ಅಷ್ಟೇನಾ? ನಿನಗೆ ರಾಕೆಟ್ ಬೇಕಿತ್ತಲ್ಲ?”

“ಇವತ್ತಿಗೆ ಅಷ್ಟೇ ಸಾಕು.”

ಮರುದಿನ ಟೀಚರ್ ಅದನ್ನು ನೀಲವ್ವನ ಈಳಿಗೆಮಣೆಯ ಎದುರಿಗೇ ಇಟ್ಟು, ಮೂರು ದೀಪ ಹತ್ತಿದರೆ ಒಲೆ ಆರಿಸಬೇಕೆಂದು ಸನ್ನೆ ಮಾಡಿ ತೋರಿಸಿದರು. ಕುಕ್ಕರ್ ಒಮ್ಮೆ ಕೂಗಿತು, ಕಂಪ್ಯೂಟರಿನ ಮೇಲೆ ಒಂದು ಕೆಂಪು ದೀಪ ಹತ್ತಿತು. ಮತ್ತೆ ಕೂಗಿತು, ಇನ್ನೊಂದು ಹತ್ತಿತು. ಮೂರನೆಯ ದೀಪ ಹತ್ತಿದ್ದೇ ತಡ, ನೀಲವ್ವ ಬದನೆಕಾಯಿ ಬಿಟ್ಟು ಎದ್ದು ಒಲೆ ಆರಿಸಿದಳು.

“ನಾನು ಮಾಡಿದ್ದು ತೀರಾ ಚಿಕ್ಕ ಕೆಲಸ ಅಲ್ಲವೇ?” ಎಂದು ಕಂಪ್ಯೂಟರ್ ಕೇಳಿತು.



“ಎರಡು ವರ್ಷದಿಂದ ಕೂಗುತ್ತಿದ್ದೇನೆ,” ಎಂದಿತು ಕುಕ್ಕರ್. “ಇವತ್ತು ಅವಳಿಗೆ ಕೇಳಿಸಿತು.”